ಸೂಜಿಯಕ್ಕ ಕಾರು ಆರಿಸಿದ ಶನಿವಾರ

ಶೋರೂಮಿನ ಕಾವಲುಗಾರ ಇನ್ನೂ ಬೀಗದ ಕೈ ಹುಡುಕುತ್ತಿರುವಾಗಲೇ ಸೂಜಿಯಕ್ಕ ಮೆಟ್ಟಿಲು ಹತ್ತಿ, ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಂತಿದ್ದಳು. ಎರಡು ದಿನದಿಂದ ಅವಳ ಕಾಲು ನೆಲದ ಮೇಲಿರಲಿಲ್ಲ. ಊರವರ ಕಾರುಗಳಿಗೆಲ್ಲ ಸೀಟು ಹೊಲಿದು ಹೊಲಿದು ಐವತ್ತೆಂಟು ದಾಟಿದವಳು, ಹೊಸ ಕಾರಿನ ಸೀಟಿನಲ್ಲಿ ಯಜಮಾನಿಯಾಗಿ ಕೂರುವುದು ಇದೇ ಮೊದಲು.

"ನಿನ್ನ ಉಸಿರಿಗೆ ಗಾಜೆಲ್ಲ ಮಬ್ಬಾಯ್ತು. ಸ್ವಲ್ಪ ಹಿಂದೆ ಬಾರೇ," ಎಂದ ಗಂಡ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಆಸಾಮಿ. ಇಸ್ತ್ರಿ ಮುರಿಯದ ಅಂಗಿ ತೊಟ್ಟು ಬಂದಿದ್ದ.

"ಸುಮ್ನಿರ್ರೀ. ನಿಮ್ಮ ಬಸ್ಸಿಗೆ ಕಾದು ಕಾದು ಜನ ಹೀಗೇ ನಿಂತಿರ್ತಿದ್ರು. ಆಗ ನಿಮಗೆ ಮಜವಾಗಿತ್ತು."

ಅವಳಿಗೆ ಈ ಕಸುಬು ಯಾರೂ ಕಲಿಸಿದ್ದಲ್ಲ. ನಾಲ್ಕನೇ ತರಗತಿಗೇ ಶಾಲೆಗೆ ಶರಣು ಹೊಡೆದವಳು. ಹದಿನಾರನೇ ವಯಸ್ಸಿನಲ್ಲಿ ಗುಜರಿ ಅಂಗಡಿಯಿಂದ ಹರಿದ ಸೀಟೊಂದನ್ನು ಹೊತ್ತು ತಂದು, ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ತುಂಡುಗಳಿಗೆ ಬಳಪದಲ್ಲಿ ಗುರುತು ಹಾಕಿ, ಮತ್ತೆ ಹಾಗೆಯೇ ಕೂಡಿಸಿದ್ದಳು. ಹದಿಮೂರು ಸಲ ಬಿಚ್ಚಿದಳು, ಹದಿಮೂರು ಸಲ ಕೂಡಿಸಿದಳು. ಹದಿನಾಲ್ಕನೇ ಸಲಕ್ಕೆ ಕಣ್ಣು ಮುಚ್ಚಿದರೂ ಕೈಗೆ ದಾರಿ ಗೊತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಸೂಜಿಯೇ ಅವಳ ಹೆಸರು, ಸೂಜಿಯೇ ಅವಳ ಗುರು.

ಈಗ ಕಾರು ಬೇಕಾದದ್ದು ಮೆರೆಯುವುದಕ್ಕಲ್ಲ. ಇಪ್ಪತ್ತೆರಡು ಕಿಲೋಮೀಟರು ಆಚೆಯ ಹಳೆಯ ಸಿನಿಮಾ ಮಂದಿರವನ್ನು ಹೊಸದು ಮಾಡುತ್ತಿದ್ದರು. ಮುನ್ನೂರ ನಲವತ್ತು ಕುರ್ಚಿಗೆ ಹೊಸ ಹೊದಿಕೆ ಆಗಬೇಕು. ಅಷ್ಟು ದೊಡ್ಡ ಕೆಲಸ ಅವಳ ಜನ್ಮದಲ್ಲಿ ಬಂದಿರಲಿಲ್ಲ. ಆದರೆ ಕುರ್ಚಿಗಳು ನೆಲಕ್ಕೆ ಬಿಗಿದಂಥವು. ಐವತ್ತು ವರ್ಷ ಜನ ಕೂತೂ ಕೂತೂ ಒಂದೊಂದೂ ಒಂದೊಂದು ಕಡೆಗೆ ವಾಲಿತ್ತು, ಒಂದರ ಅಳತೆ ಇನ್ನೊಂದಕ್ಕೆ ಆಗದು. ಅಲ್ಲೇ ಮಿಷನ್ ಇಟ್ಟು ಹೊಲಿಯಬೇಕು. ಅಲ್ಲಿ ನೋಡಿದರೆ ವೈರೆಲ್ಲ ಕಿತ್ತು ಹಾಕಿ, ಮೂರು ತಿಂಗಳು ಕರೆಂಟೇ ಇಲ್ಲ. ಮ್ಯಾನೇಜರು ಕಡ್ಡಿ ಮುರಿದಂತೆ ಹೇಳಿದ್ದ: ಸೋಮವಾರ ಕೆಲಸ ಶುರುವಾಗದಿದ್ದರೆ ಬೇರೆಯವರಿಗೆ. ಅವಳ ಹಳೆಯ ವ್ಯಾನಿನಲ್ಲಿ ಮಿಷನ್ ಇಟ್ಟರೆ ಜನರೇಟರಿಗೆ ಜಾಗವಿಲ್ಲ, ಜನರೇಟರು ಇಟ್ಟರೆ ಮಿಷನ್‌ಗೆ ಜಾಗವಿಲ್ಲ. ಹೋದ ವಾರ ವ್ಯಾನೇ ಕೈ ಎತ್ತಿ ಆ ಚಿಂತೆಯನ್ನೂ ಮುಗಿಸಿತ್ತು. ಕಾರು ಇಂದು ಸಿಕ್ಕರೆ ಓಡಾಟವಾದರೂ ನೆಟ್ಟಗಾಗುತ್ತದೆ, ಕರೆಂಟಿಗೆ ಏನಾದರೂ ದಾರಿ ಹುಡುಕೋಣ ಎಂದುಕೊಂಡು ಬಂದಿದ್ದಳು.

ಒಳಗೆ ಎರಡು ಕಾರು ಅಕ್ಕಪಕ್ಕ ನಿಂತಿದ್ದವು. ಒಂದು ಕೆಂಪು, ಇನ್ನೊಂದು ಕೆಸರು ಬಣ್ಣದ್ದು. ಎರಡೂ ಹೈಬ್ರಿಡ್.

"ಮನೆಯಲ್ಲಿ ಮೊಬೈಲ್ ಥರ ಚಾರ್ಜಿಗೆ ಹಾಕಿ ಮೇಡಂ," ಎಂದ ಟೈ ಕಟ್ಟಿದ ಮಾರಾಟಗಾರ. "ಚಾರ್ಜ್ ಇರೋವರೆಗೆ ಕರೆಂಟಲ್ಲಿ ಓಡುತ್ತೆ. ಮುಗಿದ್ರೆ ತಾನಾಗೇ ಪೆಟ್ರೋಲಿಗೆ ಬರುತ್ತೆ."

"ಅಂದ್ರೆ ಎರಡು ಹೊಟ್ಟೆ," ಎಂದಳು ಸೂಜಿಯಕ್ಕ. "ಒಂದು ಖಾಲಿಯಾದ್ರೆ ಇನ್ನೊಂದು. ನಮ್ಮನೆಯವರ ಥರಾನೇ."

ಗಂಡ ಅಷ್ಟರಲ್ಲಿ ಕೆಂಪು ಕಾರಿನ ಸ್ಟೇರಿಂಗ್ ಹಿಡಿದು ಕೂತಾಗಿತ್ತು. ಚಾರ್ಜಿನಲ್ಲೇ ತೊಂಬತ್ತು ಕಿಲೋಮೀಟರು ಓಡುತ್ತದೆ ಎಂದು ಕೇಳಿ ಅವನ ಮೀಸೆ ಅರಳಿತ್ತು. ಕೆಸರು ಬಣ್ಣದ್ದು ಓಡುವುದು ಐವತ್ತೈದೇ. ಬೆಲೆಯಲ್ಲಿ ಅಂಥ ಅಂತರವಿರಲಿಲ್ಲ.

ಸೂಜಿಯಕ್ಕ ಚಾರ್ಜನ್ನೂ ಕೇಳಲಿಲ್ಲ, ಚಕ್ರವನ್ನೂ ನೋಡಲಿಲ್ಲ. ನೇರವಾಗಿ ಸೀಟಿನ ಸಂದಿಗೆ ಕೈ ಹಾಕಿದಳು. ಬೆರಳ ತುದಿ ಹೊಲಿಗೆಯ ಮೇಲೆ ಇರುವೆಯಂತೆ ಸಾಗಿತು. ಕೆಂಪು ಕಾರಿನಲ್ಲಿ ಜೋಡಿ ಹೊಲಿಗೆ, ಮೂಲೆಯಲ್ಲಿ ಒಂದು ಸುಕ್ಕಿಲ್ಲ, ದಾರ ಒಳಗೇ ಗಂಟು ಬಿದ್ದಿದೆ.

"ಅಯ್ಯೋ, ಇದನ್ನ ಹೊಲಿದ ಕೈಗೆ ಮುತ್ತಿಡಬೇಕು!"

ಕೆಸರು ಬಣ್ಣದ್ದಕ್ಕೆ ಬಂದಾಗ ಮುಖ ಹುಳಿಯಾಯಿತು. ಹಿಂದಿನ ಸೀಟಿನ ಹೊಲಿಗೆ ಎರಡು ಕೂದಲೆಳೆ ಎಡಕ್ಕೆ ಸರಿದಿತ್ತು. ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಅವಳಿಗೆ ಮಾತ್ರ ಅನ್ನದಲ್ಲಿ ಕಲ್ಲು ಸಿಕ್ಕಂತಾಯಿತು. ಕೈ ತಾನಾಗಿಯೇ ಸೊಂಟದ ಚೀಲಕ್ಕೆ ಹೋಗಿ, ದಾರ ಬಿಚ್ಚುವ ಕೊಕ್ಕೆ ತೆಗೆದು, ಅವಳಿಗೆ ಅರಿವಾಗುವ ಮೊದಲೇ ನಾಲ್ಕು ಬೆರಳುದ್ದ ಬಿಚ್ಚಿಬಿಟ್ಟಿತು.

"ಮೇಡಂ! ಏನ್ ಮಾಡ್ತಿದ್ದೀರಾ? ಅದು ಹೊಸ ಕಾರು!" ಮಾರಾಟಗಾರನ ಟೈ ಕುಣಿಯಿತು.

"ಅದಕ್ಕೇ ಬಿಚ್ಚಿದ್ದು. ಹಳೇದಾಗಿದ್ರೆ ಹೋಗ್ಲಿ ಅಂತ ಬಿಡ್ತಿದ್ದೆ." ಹಾಗೆಂದರೂ ಅವಳ ಕಿವಿ ಕೆಂಪಾಗಿತ್ತು. "ತಪ್ಪಾಯ್ತಪ್ಪ. ಕೈ ನನ್ನ ಮಾತು ಕೇಳಲ್ಲ. ಈಗಲೇ ಹೊಲಿದುಕೊಡ್ತೀನಿ."

ಗಂಡ ತಲೆ ಚಚ್ಚಿಕೊಂಡ. "ಮದುವೆ ಮಂಟಪಕ್ಕೆ ಕರ್ಕೊಂಡು ಹೋದ್ರೂ ಇವಳು ಮದುಮಗನ ಅಂಗಿ ಬಿಚ್ಚಿ ನೋಡೋಳೇ."

ಅವಳು ಮಂಡಿಯೂರಿ ಕೈಸೂಜಿಯಲ್ಲಿ ಹೊಲಿಯುತ್ತ ಕೂತಳು. ಮನಸ್ಸಿನಲ್ಲಿ ಕೆಂಪು ಕಾರು ಆಗಲೇ ಮನೆ ಮುಂದೆ ಬಂದು ನಿಂತಿತ್ತು. ಹೊಲಿಗೆ ಮುಗಿಸಿ, ತುಂಡು ದಾರ ಬಿದ್ದಿದೆಯೇ ಎಂದು ಹಿಂದಿನ ಡಿಕ್ಕಿ ತೆರೆಸಿ ನೋಡಿದಳು. ಪಕ್ಕದ ಗೋಡೆಯಲ್ಲಿ ಸಣ್ಣ ಮುಚ್ಚಳ. ಅದನ್ನೆತ್ತಿದರೆ ಒಳಗೆ ಮನೆಯ ಗೋಡೆಯಲ್ಲಿರುವಂಥದ್ದೇ ಪ್ಲಗ್ ತೂತು.

"ಇದೇನಪ್ಪ?"

"ಕಾರಿನ ಬ್ಯಾಟರಿಯಿಂದ ಹೊರಗಡೆಗೆ ಕರೆಂಟು ಮೇಡಂ. ಪಿಕ್ನಿಕ್ಕಿಗೆ ಹೋದಾಗ ಫ್ಯಾನು, ಕೆಟಲ್ಲು ಹಾಕ್ಕೋಬಹುದು. ಸಾವಿರದ ಐನೂರು ವಾಟ್ ತನಕ. ಯಾರೂ ಕೇಳಲ್ಲ, ನಾನೂ ಹೇಳೋದು ಮರೀತೀನಿ."

"ಕೆಂಪು ಕಾರಲ್ಲಿ?"

"ಅದರಲ್ಲಿ ಮೊಬೈಲ್ ಚಾರ್ಜ್ ಆಗೋದಷ್ಟೇ."

ಸೂಜಿಯಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. ಒಳಗೆ ಮೋಟಾರು ಶುರುವಾದಂತಿತ್ತು. "ಏನ್ರೀ! ನಮ್ಮ ಬೀದಿ ಬಡಗಿಗೆ ಫೋನ್ ಮಾಡಿ. ಅವನ ಸಾಮಾನು ಗಾಡೀಲಿ ನನ್ನ ಮಿಷನ್ ತರಿಸಿ. ಮೇಜು ಸಮೇತ!"

"ಶೋರೂಮಿಗಾ? ತಲೆಗಿಲೆ ಕೆಟ್ಟಿದೆಯಾ? ಅದರ ಸೀಟು ಸೊಟ್ಟಗಿದೆ ಅಂತ ನೀನೇ ಬಿಚ್ಚಿದೆ!"

"ಸೀಟು ಸೊಟ್ಟಗಿದ್ರೆ ನಾನು ಹೊಲ್ಕೋತೀನಿ ಕಣ್ರೀ. ಆ ಕೆಂಪಿಗೆ ಕರೆಂಟು ಹೊಲಿಯೋಕಾಗುತ್ತಾ?"

ಗಂಡ ಗೊಣಗುತ್ತಲೇ ಫೋನು ತೆಗೆದ.

ಮುಕ್ಕಾಲು ಗಂಟೆಯಲ್ಲಿ ಮಿಷನ್ ಅಂಗಳಕ್ಕೆ ಬಂತು. ಕೆಸರು ಬಣ್ಣದ ಕಾರನ್ನು ಹೊರಗೆ ತಂದು ಡಿಕ್ಕಿ ತೆರೆದರು. ಗ್ಯಾರೇಜಿನ ಮೆಕ್ಯಾನಿಕ್ಕುಗಳು, ಕಾವಲುಗಾರ, ಕಾರು ನೋಡಲು ಬಂದಿದ್ದ ಇನ್ನೊಂದು ಸಂಸಾರ, ಎಲ್ಲ ಸುತ್ತ ನೆರೆದರು. ಸೂಜಿಯಕ್ಕ ದಪ್ಪ ರೆಗ್ಜಿನ್ ನಾಲ್ಕು ಪದರ ಮಡಿಸಿ ಸೂಜಿಯ ಕೆಳಗಿಟ್ಟು ಸ್ವಿಚ್ಚು ಒತ್ತಿದಳು.

ಮೋಟಾರು ಗುಂಯ್ ಎಂದು ನರಳಿತು. ಡಿಕ್ಕಿಯೊಳಗೆ ಟಕ್ ಎಂದಿತು. ಪ್ಲಗ್ಗಿನ ಹಸಿರು ದೀಪ ಆರಿತು.

"ಹೆಚ್ಚು ಎಳೆಯಿತು ಅಂತ ತಾನೇ ನಿಲ್ಲಿಸಿಬಿಡ್ತು," ಎಂದ ಮಾರಾಟಗಾರ. ಅವನ ದನಿಯೂ ಇಳಿದಿತ್ತು.

"ನಾನು ಹೇಳಲಿಲ್ವಾ?" ಎಂದ ಗಂಡ. "ಕೆಂಪೇ ತಗೋ, ಸುಮ್ನೆ."

ಸೂಜಿಯಕ್ಕನಿಗೆ ಮುನ್ನೂರ ನಲವತ್ತು ಕುರ್ಚಿಗಳೂ ಕಣ್ಣೆದುರು ಬೆನ್ನು ತಿರುಗಿಸಿದಂತಾಯಿತು. ಆದರೆ ಈ ಮಿಷನ್‌ನೊಂದಿಗೆ ಅವಳದ್ದು ಮೂವತ್ತು ವರ್ಷದ ಬಾಳುವೆ. ಇದರ ಹಸಿವು ಅವಳಿಗೆ ಗೊತ್ತು. ಮೊದಲ ತುತ್ತು ಮಾತ್ರ ದೊಡ್ಡದು, ಆಮೇಲೆ ಗುಬ್ಬಚ್ಚಿಯಂತೆ ಹೆಕ್ಕುತ್ತದೆ. ಕರೆಂಟು ಮಂಕಾದ ದಿನಗಳಲ್ಲಿ ಅವಳು ಮೋಟಾರಿನ ಗಾಲಿಯನ್ನು ಮೊದಲು ಕೈಯಿಂದ ತಿರುಗಿಸಿ, ಅದು ಓಟ ಹಿಡಿದ ಮೇಲೆ ಸ್ವಿಚ್ಚು ಹಾಕುತ್ತಿದ್ದಳು.

"ರೀ, ಮೋಟಾರಿನ ಬೆಲ್ಟು ಬಿಚ್ಚಿದ್ದೀನಿ. ಬಂದು ಸ್ವಿಚ್ಚು ಹಿಡೀರಿ. 'ಈಗ' ಅಂದ ತಕ್ಷಣ ಒತ್ತಬೇಕು. ನಿಲ್ದಾಣ ದಾಟಿದ ಮೇಲೆ ಬ್ರೇಕ್ ಹಾಕೋ ಥರ ಬೇಡ."

ಮಾರಾಟಗಾರ ಪ್ಲಗ್ಗಿನ ದೀಪ ಮತ್ತೆ ಹೊತ್ತಿಸಿದ ಮೇಲೆ, ಅವಳು ಮೇಜಿನ ಕೆಳಗೆ ಕೂತು ಅಂಗೈಯಿಂದ ಗಾಲಿಯನ್ನು ಬೀಸಿದಳು. "ಈಗ!"

ಗಂಡ ಒಂದು ಉಸಿರು ತಡ ಮಾಡಿದ. ಟಕ್.

"ನಿಮ್ಮ ಬಸ್ಸು ಯಾಕೆ ತಡ ಆಗ್ತಿತ್ತು ಅಂತ ಇವತ್ತು ತಿಳೀತು!" ಎಂದಳು. ಸುತ್ತಲಿದ್ದವರು ಗೊಳ್ಳೆಂದರು. ಗಂಡ ತೋಳು ಮಡಚಿದ. ಇಸ್ತ್ರಿ ಅಂಗಿಯ ಚಿಂತೆ ಬಿಟ್ಟು ನೆಲದ ಮೇಲೇ ಕೂತ.

"ಇನ್ನೊಂದ್ಸಲ ಬೀಸು. ಈ ಸಲ ತಪ್ಪಿದ್ರೆ ನನ್ನ ಲೈಸೆನ್ಸು ಕಿತ್ಕೋ."

ದೀಪ ಮತ್ತೆ ಹಸಿರಾಯಿತು, ಗಾಲಿ ಜುಂಯ್ ಎಂದಿತು. "ಈಗ!"

ಹಸಿರು ದೀಪ ಒಮ್ಮೆ ಮಿಣುಕಿತು. ಆರಲಿಲ್ಲ. ಮೋಟಾರು ಓಟ ಹಿಡಿಯಿತು. ಗಾಲಿ ಒಂದೇ ಸಮ ತಿರುಗತೊಡಗಿದಾಗ ಅವಳು ಬೆಲ್ಟನ್ನು ಚಕ್ಕನೆ ಹಾಯಿಸಿ, ಮೇಲೆದ್ದು, ಪೆಡಲಿನ ಮೇಲೆ ಕಾಲಿಟ್ಟಳು. ಸೂಜಿ ನಾಲ್ಕು ಪದರದೊಳಗೆ ಬೆಣ್ಣೆಗೆ ಇಳಿದಂತೆ ಇಳಿಯಿತು. ರೆಗ್ಜಿನ್ ಸರಸರನೆ ಸರಿಯಿತು. ಮೆಕ್ಯಾನಿಕ್ಕುಗಳು ಶಿಳ್ಳೆ ಹೊಡೆದರು. ಅವಳು ನಿಲ್ಲಿಸಲೇ ಇಲ್ಲ, ಒಂದು ತುಂಡು ಮುಗಿದರೆ ಇನ್ನೊಂದು. ಕಾರು ನೋಡಲು ಬಂದಿದ್ದ ಸಂಸಾರದ ಹೆಂಗಸು ತನ್ನ ಕಿತ್ತ ಕೈಚೀಲವನ್ನೂ ಮುಂದೆ ಹಿಡಿದಳು, ಅದರ ಹಿಡಿಕೆಯೂ ಕೂಡಿತು.

ಒಂದು ಗಂಟೆ ಹೊಲಿದ ಮೇಲೆ ಮಾರಾಟಗಾರ ಪರದೆ ನೋಡಿ ಕೂಗಿದ: "ಅಕ್ಕಾ! ನೂರರಲ್ಲಿ ಎರಡೇ ಇಳಿದಿರೋದು!"

ಮೇಡಂ ಎಂಬುದು ಅಕ್ಕ ಆದದ್ದನ್ನು ಅವನೂ ಗಮನಿಸಲಿಲ್ಲ.

"ಚಾರ್ಜಲ್ಲಿ ಐವತ್ತೈದೇ ಕಣೇ," ಎಂದ ಗಂಡ, ಕೊನೆಯ ಬಾಣವೆಂಬಂತೆ.

"ಹೋಗಿ ಬರೋಕೆ ನಲವತ್ನಾಲ್ಕು. ಹೊಲಿಗೆಗೆ ಸ್ವಲ್ಪ ಹೋದ್ರೆ ಬರುವಾಗ ಇನ್ನೊಂದು ಹೊಟ್ಟೆಯಿದೆ. ಓಡಿಸೋರು ನೀವೇ. ಬರ್ತೀರೋ, ಇಲ್ಲ ಬೇರೆ ಡ್ರೈವರನ್ನ ನೋಡ್ಕೊಳ್ಳಲೋ?"

ಗಂಡ ಎದ್ದು, ಪ್ಯಾಂಟಿನ ಧೂಳು ಕೊಡವಿ, ಕೆಸರು ಬಣ್ಣದ ಕಾರಿನ ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡ. ಅವನು ಕೊಟ್ಟ ಒಪ್ಪಿಗೆ ಅಷ್ಟೇ. ಈ ಬಣ್ಣ ಯಾರಿಗೂ ಬೇಡವಾಗಿದ್ದರಿಂದ ಕಾರು ಸಿದ್ಧವಾಗಿಯೇ ಇತ್ತು, ನಾಳೆಯೇ ಒಯ್ಯಬಹುದು ಎಂದ ಮಾರಾಟಗಾರ.

ಸೂಜಿಯಕ್ಕ ದಾರ ಕತ್ತರಿಸಿ, ಅಲ್ಲೇ ಡಿಕ್ಕಿಯ ಅಂಚಿನಲ್ಲಿ ಕೂತು ಸಿನಿಮಾ ಮಂದಿರದ ಮ್ಯಾನೇಜರಿಗೆ ಫೋನು ಮಾಡಿದಳು. ಪಕ್ಕದಲ್ಲಿ ಮಿಷನ್ ಇನ್ನೂ ಗುನುಗುತ್ತಿತ್ತು.

"ಸ್ವಾಮೀ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಬರ್ತೀನಿ. ಪಕ್ಕದ ಬಾಗಿಲು ತೆಗೆಸಿಡಿ, ವೈರು ಒಳಗೆ ಬರಬೇಕು."

"ಇಲ್ಲಿ ಕರೆಂಟಿಲ್ಲ ಅಂದಿದ್ದೆನಲ್ಲಮ್ಮ!"

"ಅದನ್ನೂ ನಾನೇ ತರ್ತೀನಿ," ಎಂದಳು ಸೂಜಿಯಕ್ಕ.