ಸುಬ್ಬರಾಮ ಚೆಲ್ಲಿದ ಮದ್ದು

ಹೊಸೂರಿನ ತಾಲ್ಲೂಕು ಕಚೇರಿಯ ಗುಮಾಸ್ತ ಸುಬ್ಬರಾಮ ನಮ್ಮ ಬೀದಿಯವನೇ. ತಮಿಳಿನಲ್ಲಿ ಅರ್ಜಿ ಬರೆಯುವುದು, ತೆಲುಗಿನಲ್ಲಿ ಬೈಯುವುದು, ಕನ್ನಡದಲ್ಲಿ ಉಪದೇಶ ಮಾಡುವುದು, ಎಲ್ಲವೂ ಅವನಿಗೆ ಬರುತ್ತಿತ್ತು. ಗೊತ್ತಿಲ್ಲ ಎನ್ನುವುದು ಮಾತ್ರ ಯಾವ ಭಾಷೆಯಲ್ಲೂ ಬರಲಿಲ್ಲ. ಇಂಥ ಮಹಾನುಭಾವನನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಎಂಬತ್ತಾರರ ಬೇಸಿಗೆಯಲ್ಲಿ ಉದ್ದನಪಲ್ಲಿಯ ಮುನಿರತ್ನಮ್ಮನ ಪುಟ್ಟ ಮಗಳಿಗೆ ಕುತ್ತಿಗೆಯಲ್ಲಿ ಗೆಡ್ಡೆ ಎದ್ದಿತು. ಹೊಸೂರಿನ ಡಾಕ್ಟರ್ ಗೋಪೀನಾಥ ಅದರ ಚೂರೊಂದನ್ನು ಕುಯ್ದು, ಕೆಡದಂತೆ ಫಾರ್ಮಲಿನ್ ತುಂಬಿದ ಸೀಸೆಯಲ್ಲಿಟ್ಟರು. ಇಂಥ ಗೆಡ್ಡೆಗಳು ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುತ್ತವೆ, ಔಷಧಿ ಮಾತ್ರ ಬೇರೆ ಬೇರೆ. ನರದ ಜೀವಕೋಶದಿಂದ ಹುಟ್ಟಿದ್ದಾದರೆ ಅದರಲ್ಲಿ ನರದ್ದೇ ಒಂದು ಪ್ರೋಟೀನು ಇರುತ್ತದೆ, ಅದಕ್ಕೆ ಬಣ್ಣ ಹಿಡಿಸಿ ಗುರುತು ಹಚ್ಚುವ ಪರೀಕ್ಷೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೊಸದಾಗಿ ಬಂದಿದೆ, ಇವತ್ತೇ ತಲುಪಿಸಿ ಎಂದರು.

ಮುನಿರತ್ನಮ್ಮ ತಾನೇ ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ ಎದುರಾದ ಸುಬ್ಬರಾಮ ಬಿಡಬೇಕಲ್ಲ! ಹಳ್ಳಿ ಹೆಂಗಸಿಗೆ ಬೆಂಗಳೂರಿನ ದಿಕ್ಕು ತಿಳಿದೀತೆ, ಹೇಗೂ ಭಾವಮೈದುನನ ಗೃಹಪ್ರವೇಶಕ್ಕೆ ಹೋಗುತ್ತಿದ್ದೇನೆ ಎಂದು ಸೀಸೆ ಕಸಿದುಕೊಂಡ. ಬಸ್ಸಿನಲ್ಲಿ ಅದರ ಘಾಟು ಮೂಗಿಗೆ ಬಡಿಯಿತು. ಮಡಿ ಪಂಚೆಯ ಪಕ್ಕ ಇಂಥ ನಾತವೇ? ಜೂಜುವಾಡಿಯಲ್ಲಿ ಬಸ್ಸು ನಿಂತಾಗ ಇಳಿದು, ಫಾರ್ಮಲಿನ್ ಚೆಲ್ಲಿ, ನಲ್ಲಿ ನೀರು ತುಂಬಿಸಿದ. ಆಮೇಲೆ ಗೃಹಪ್ರವೇಶದ ಹೋಳಿಗೆ, ಮಾರನೆಯ ದಿನ ನೆಂಟರ ಮನೆಯೂಟ. ಅದೆಲ್ಲ ಮುಗಿದ ಮೇಲೆ ಆಸ್ಪತ್ರೆಗೆ ಹೋದ. ಚೂರು ಕೊಳೆತಿತ್ತು. ಇದರಲ್ಲಿ ಏನೂ ತಿಳಿಯುವುದಿಲ್ಲ, ಬೇರೆ ತನ್ನಿ ಎಂದು ಅಲ್ಲಿನವರು ಉಗಿದು ಕಳಿಸಿದರು.

ಈ ಪುಣ್ಯಾತ್ಮ ಬಂದು ತಾಯಿಗೆ ಹೇಳಿದ್ದೇನು? "ದೊಡ್ಡ ಡಾಕ್ಟರುಗಳೇ ನೋಡಿದ್ರಮ್ಮ. ಏನೂ ಇಲ್ವಂತೆ."

ಅವಳು ನಂಬಿದಳು, ಡಾಕ್ಟರ ಹತ್ತಿರ ಮತ್ತೆ ಹೋಗಲಿಲ್ಲ, ಕೈಮುಗಿದು ಇವನ ಮನೆಗೆ ಹಲಸಿನಹಣ್ಣು ತಂದುಕೊಟ್ಟಳು. ಇವನು ನಾಚಿಕೆಯಿಲ್ಲದೆ ಬಿಡಿಸಿ ತಿಂದ.

ದೀಪಾವಳಿಯ ಹೊತ್ತಿಗೆ ಮಗು ಕಾಲೂರದಾಯಿತು. ಪರೀಕ್ಷೆಯಲ್ಲಿ ಏನು ಬಂತೆಂದು ಗೋಪೀನಾಥ ತಾಯಿಯನ್ನೂ ಇವನನ್ನೂ ಕೂರಿಸಿ ಕೇಳಿದಾಗ, ಚೊಕ್ಕಟ ನೀರು ತುಂಬಿಸಿದ್ದು ತಪ್ಪೇ ಎಂದು ಸುಬ್ಬರಾಮ ಅವರ ಮೇಲೆಯೇ ಏರಿಹೋದ. ಮತ್ತೆ ಕುಯ್ದರು. ಈ ಸಲ ಸೀಸೆಯನ್ನು ತಾಯಿಯೇ ಒಯ್ದಳು. ಬಣ್ಣ ಹಿಡಿಯಿತು, ನರದ ಗೆಡ್ಡೆಯೇ. ತಕ್ಕ ಔಷಧಿಯನ್ನೂ ಕೊಟ್ಟರು, ಆದರೆ ರೋಗ ಆಗಲೇ ಮೂಳೆಗೆ ಇಳಿದಿತ್ತು. ಯುಗಾದಿಗೆ ಮಗು ಇರಲಿಲ್ಲ.

ಸುಬ್ಬರಾಮ ಉದ್ದನಪಲ್ಲಿಗೆ ಹೋಗಿ, ಜಗಲಿಯ ಮೇಲೆ ಕೂತು, ಎಲ್ಲಾ ಹಣೆಬರಹ ಎಂದು ಶುರುಮಾಡಿದ.

ಮುನಿರತ್ನಮ್ಮ ಅಳಲಿಲ್ಲ. "ಬ್ರಹ್ಮ ಬರ್ದಿದ್ದು ಬ್ಯಾರೆ, ನೀವು ಚೆಲ್ಲಿದ್ದು ಬ್ಯಾರೆ ಸೋಮಿ. ನಿಮ್ ತಪ್ನ ದ್ಯಾವ್ರ ತಲೆಗೆ ಕಟ್ಬ್ಯಾಡಿ. ಎದ್ದೋಗಿ," ಎಂದಳು.