ಮಾವನ ಜೀಪಿನ ಮುಂದಿನ ಗಾರ್ಡು

ಕಡ ತಂದ ಗಾಡಿಯಿಂದ ಇಳಿದು ಮನೆಯೊಳಗೆ ಬಂದ ಮೇಲೂ ನನ್ನ ಕೈಗಳು ಸ್ಟಿಯರಿಂಗ್ ಹಿಡಿದಂತೆಯೇ ಇರುತ್ತವೆ. ಅದರಲ್ಲೂ ಇದು ಶಂಕ್ರಪ್ಪ ಮಾವನ ಜೀಪು. ಮಾವ ಅಂದರೆ ಕಿತ್ತೂರಿನಲ್ಲಿರುವ ನಮ್ಮಕ್ಕನ ಗಂಡ. ಆ ಹಳೇ ಜೀಪನ್ನು ಅವರು ಯಾರಿಗೂ ಕೊಟ್ಟವರಲ್ಲ. ಅಕ್ಕನಿಗೆ ಅದರ ಬಾಗಿಲು ಹಾಕಲೂ ಬಿಡುವುದಿಲ್ಲ. ತಾವೇ ಸುತ್ತಿ ಬಂದು ಹಾಕುತ್ತಾರೆ. ಅಂಥವರು, ತೊರಗಲ್ಲಿನ ನನ್ನ ಗೆಳೆಯನ ಹೊಲಕ್ಕೆ ನೀರಿನ ಪೈಪು ಮುಟ್ಟಿಸಬೇಕು ಎಂದು ನಾನು ಅಂದಾಗ, ಯಾಕೋ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು.

"ಹೆಂಗ ಒಯ್ತಿ, ಹಂಗ ತಾ. ಐತವಾರ ಸಂಜಿಗೆ."

ಪೈಪು ಸುರಕ್ಷಿತವಾಗಿ ಮುಟ್ಟಿತು. ಬರುವಾಗ ತೊರಗಲ್ ಕೋಟೆ ನೋಡುತ್ತ ಗಾಡಿ ತಿರುಗಿಸಿದೆ. ಅಷ್ಟು ದೊಡ್ಡ ಕೋಟೆ ಕಂಡವನಿಗೆ ಮುಂದಿದ್ದ ಹೊಲದ ಗಡಿಯ ಬಾಂದಗಲ್ಲು ಕಾಣಲಿಲ್ಲ. ಜೀಪಿನ ಮೂತಿಗೆ ಕಾವಲಾಗಿದ್ದ ಗಾರ್ಡಿನ ಅಡ್ಡ ಕಬ್ಬಿಣದ ಪೈಪು ಬಲಗಡೆ ಒಳಗೆ ತಗ್ಗಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಮ್ಮ ಕಡೆ ಗಾಡಿಗೆ ಸಂಬಂಧಿಸಿದ ಯಾವ ಡೊಂಕಿಗೂ ಬೇವಿನ ಗಿಡವೇ ಔಷಧ: ಸರಪಳಿಯ ಒಂದು ತುದಿ ಗಿಡಕ್ಕೆ, ಇನ್ನೊಂದು ಗಾಡಿಗೆ, ಮೇಲೆ ರಿವರ್ಸ್ ಗೇರು. ನಾನೂ ಹಾಕಿದೆ. ಗಿಡ ಅಲುಗಲಿಲ್ಲ. ಗಾರ್ಡು ಹೊರಗೆ ಬಂತು, ಬರಬೇಕಾದ್ದಕ್ಕಿಂತ ನಾಲ್ಕು ಬೆರಳು ಹೆಚ್ಚೇ ಬಂದು ಎತ್ತಿನ ಕೋಡಿನ ಹಾಗೆ ನಿಂತಿತು.

ಬೈಲಹೊಂಗಲದ ಗ್ಯಾರೇಜಿನವರು ಹೊಸ ಗಾರ್ಡು ಹಾಕಿಸಲು ಹೇಳಿದರು. ಹೊಸದು ಹಾಕಿಸಿದರೆ ಮಾವನ "ಹಂಗ ತಾ" ಎಲ್ಲಿ ಉಳಿಯಿತು? ಮತ್ತೊಮ್ಮೆ ಅವರು ನನ್ನ ಕೈಗೆ ಕೀಲಿ ಕೊಡುತ್ತಾರೆಯೇ? ಕೊನೆಗೆ ನಮ್ಮೂರ ಮೌನೇಶಪ್ಪ ಕಾಕಾನ ಬಳಿ ಹೋದೆ. ಒಂದು ಕಾಲಕ್ಕೆ ಸುತ್ತಲಿನ ಚಕ್ಕಡಿಗಳ ಗಾಲಿಗೆಲ್ಲ ಕಬ್ಬಿಣದ ಹಳಿ ಕಟ್ಟಿದ ಕಂಬಾರರು ಅವರು. ಈಗ ಬಲಭುಜ ಮೇಲೇಳುವುದಿಲ್ಲ.

"ಬಡಿಯಾಕ ನನ್ನ ಕಡಿಂದ ಆಗೂದಿಲ್ಲ ತಮ್ಮಾ," ಅಂದರು. "ಅದರ ಕಡಿಂದನ ಮಾಡಸೂಣು."

ಗಾರ್ಡಿನ ಉದ್ದಕ್ಕೆ ದಾರ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. "ಇಲ್ಲಿ ಎರಡು ಡೊಂಕ ಅದಾವು. ಬಲಕ್ಕಿರೂದು ನಿಂದು. ಎಡಕ್ಕೊಂದು ಸಣ್ಣದೈತಿ, ಭಾಳ ಹಳೇದು. ಅದನ್ನೂ ತಗಿಲೇನು?"

ನಾನು ಆ ಸಣ್ಣ ಡೊಂಕನ್ನು ನೋಡಿಯೇ ಇರಲಿಲ್ಲ. ಪುಕ್ಕಟೆ ನೆಟ್ಟಗಾದರೆ ಬೇಡವೆನ್ನುವವರು ಯಾರು? ಹೂಂ ಅನ್ನಲು ಬಾಯಿ ತೆರೆದೆ. ಅವರೇ ಮುಂದುವರಿಸಿದರು. "ಯಾರ ಡೊಂಕ ಅನ್ನೂದು ಗೊತ್ತಿಲ್ಲದ ನಾ ಕೈ ಹಚ್ಚೂದಿಲ್ಲ. ಮಾಲಕ್ರು ಹೇಳಿದ್ರ ಮಾತ್ರ." ನಾನು ಬಲಕ್ಕಿದ್ದುದನ್ನಷ್ಟೇ ತೋರಿಸಿದೆ.

ಪೈಪು ಉಬ್ಬಿದ ಕಡೆ ಅಂಗೈಯಷ್ಟು ಜಾಗಕ್ಕೆ ಗ್ಯಾಸಿನ ಉರಿ ಹಿಡಿದರು. ಕಬ್ಬಿಣ ಕೆಂಪಾಯಿತು. ನೋಡುತ್ತೇನೆ, ಡೊಂಕು ಇನ್ನಷ್ಟು ಹೆಚ್ಚಾಗುತ್ತಿದೆ!

"ಕಾಕಾ, ಕೆಡಾಕ ಹತ್ತೇತ್ರಿ."

"ಕೆಡಲಿ. ಸುಮ್ಮ ಕುಂಡ್ರು."

ಉರಿ ತೆಗೆದು ಒದ್ದೆ ಗೋಣಿಚೀಲ ಹೊದಿಸಿದರು. ಹಬೆಯೆದ್ದಿತು. ಆಮೇಲೆ ನಡೆದದ್ದನ್ನು ನಾನು ಈಗಲೂ ನಂಬಲಾರೆ. ಸುತ್ತಿಗೆಯಿಲ್ಲ, ಸರಪಳಿಯಿಲ್ಲ, ಯಾರೂ ಮುಟ್ಟುತ್ತಿಲ್ಲ. ಪೈಪು ತಾನಾಗಿಯೇ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ, ನಿಧಾನಕ್ಕೆ ದಾರದ ಕಡೆ ಸರಿಯತೊಡಗಿತು. ಅರ್ಧ ಬೆರಳು ಸರಿದು ನಿಂತಿತು. ಸ್ವಲ್ಪ ಪಕ್ಕಕ್ಕೆ ಮತ್ತೆ ಉರಿ, ಮತ್ತೆ ಗೋಣಿ, ಮತ್ತೆ ಅರ್ಧ ಬೆರಳು.

ನಾನು ಹತ್ತನೇ ಇಯತ್ತೆ ಪಾಸಾದದ್ದು ಮೂವತ್ತಾರನೇ ವಯಸ್ಸಿನಲ್ಲಿ, ಮಗನ ವಾರಗೆಯವರ ನಡುವೆ ಕುಳಿತು. ಕಾಯಿಸಿದರೆ ಲೋಹ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಉದಾಹರಣೆಗೆ ಚಕ್ಕಡಿ ಗಾಲಿಯ ಹಳಿ. ಬರೆದಿದ್ದೆ, ಪೂರ್ತಿ ಅಂಕವೂ ಬಂದಿತ್ತು. ಆದರೆ ಕಾದ ಜಾಗ ಹಿಗ್ಗಲು ಹೋದಾಗ ಸುತ್ತಲಿನ ತಣ್ಣನೆಯ ಕಬ್ಬಿಣ ಅದನ್ನು ಅದುಮಿ ಹಿಡಿಯುತ್ತದೆ, ತಣಿಯುವಾಗ ಅದು ಮೊದಲಿಗಿಂತ ಹೆಚ್ಚು ಕುಗ್ಗಿ ಇಡೀ ಪೈಪನ್ನೇ ಎಳೆಯುತ್ತದೆ ಎಂಬುದು ನನಗೆ ಅರ್ಥವಾದದ್ದು ಕಾಕಾನ ಚಪ್ಪರದ ಕೆಳಗೆ. ಆ ಉತ್ತರವನ್ನು ಅಂದು ನಾನು ಬರೆದದ್ದು ಯಾವ ಧೈರ್ಯದ ಮೇಲೆ ಎಂದು ನಾಚಿಕೆಯಾಯಿತು.

ಗಾರ್ಡು ನೆಟ್ಟಗಾದ ಮೇಲೆ ಸುಟ್ಟ ಜಾಗಕ್ಕೆ ಬಣ್ಣ ಬಳಿದು, ಐತವಾರ ಸಂಜೆ ಕಿತ್ತೂರಿಗೆ ಹೋಗಿ ಜೀಪು ನಿಲ್ಲಿಸಿದೆ. ಮಾವ ಹೊರಗೆ ಬಂದವರು ನೇರ ಗಾರ್ಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಬಲಗಡೆ ಬೆರಳಾಡಿಸಿದರು.

"ಬಣ್ಣ ಹೊಸಾದೈತಿ."

ನಾನು ಬಾಂದಗಲ್ಲು, ಬೇವಿನ ಗಿಡ, ಒಂದೂ ಬಿಡದೆ ಹೇಳಿದೆ. ಅವರು ಕೇಳಿದರೋ ಇಲ್ಲವೋ, ಎಡಗಡೆ ಸರಿದು ಆ ಸಣ್ಣ ಡೊಂಕನ್ನು ಹೆಬ್ಬೆರಳಿನಿಂದ ಹುಡುಕಿದರು. ಸಿಕ್ಕಿತು. ಆಗ ಉಸಿರು ಬಿಟ್ಟರು.

"ಇದನ್ನ ಯಾಕ ಬಿಟ್ಟಿ?"

"ಮೌನೇಶಪ್ಪ ಕಾಕಾ ಮುಟ್ಟಲಿಲ್ರಿ. ಯಾರದಂತ ಗೊತ್ತಿಲ್ಲ ಅಂದ್ರು."

ಬಾಗಿಲಲ್ಲಿ ನಿಂತಿದ್ದ ಅಕ್ಕ ನಕ್ಕಳು. "ಅದು ನಂದೋ. ಮದಿವ್ಯಾದ ವರ್ಷ ನನಗ ಗಾಡಿ ಕಲಸ್ತೇನಿ ಅಂದು ಬಾವಿ ಕಟ್ಟಿಗೆ ಗುದ್ದಿಸಿದ್ರು."

"ಗುದ್ದಿದಾಕಿ ನೀ," ಅಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ಗುದ್ದೂದು ನಿಮ್ಮ ಮನಿತನದಾಗ ಐತಿ" ಎಂದು ಕೀಲಿಗೆ ಕೈ ಚಾಚಿದರು. ತೆಗೆದುಕೊಂಡವರು ಒಂದು ಗಳಿಗೆ ಅದನ್ನು ತೂಗಿ ನೋಡಿ, "ಮುಂದಿನ ಸಲ ಕೋಟಿ ನೋಡೂದಿದ್ರ ಗಾಡಿ ನಿಂದರಿಸಿ ನೋಡು" ಅಂದರು.

ಮುಂದಿನ ಸಲ! ಧಾರವಾಡ ರಸ್ತೆಯ ಬಸ್ಸಿನಲ್ಲಿ ಕುಳಿತು ನಾನು ಆ ಎರಡು ಶಬ್ದಗಳನ್ನೇ ನೆನೆಯುತ್ತ ಬಂದೆ. ಕಬ್ಬಿಣವನ್ನು ನೆಟ್ಟಗೆ ಮಾಡುವ ವಿದ್ಯೆ ನನ್ನ ಪಠ್ಯದಲ್ಲಿ ಅರ್ಧವಾದರೂ ಇತ್ತು. ಯಾವ ಡೊಂಕನ್ನು ಇದ್ದ ಹಾಗೆ ಬಿಡಬೇಕು ಎಂಬ ಪ್ರಶ್ನೆಯನ್ನು ಮಾತ್ರ ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ನಾನು ಅದೇ ವರ್ಷ ಪಾಸಾಗುತ್ತಿದ್ದೆ ಅನ್ನಿಸುವುದಿಲ್ಲ.