ಗಂಜಿ ಬಿಡದ ಚೀಲ

ಬೆಟಗೇರಿಯ ನಮ್ಮ ಓಣಿಯಲ್ಲಿ ಆಗ ಮನೆಗೊಂದು ಮಗ್ಗವಿತ್ತು. ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ ನಮ್ಮ ಲಂಗಕ್ಕೂ ಅಂಟಿರುತ್ತಿತ್ತು. ಆಗಿನ ಬೇಸಿಗೆ ರಜೆ ಎಂದರೆ ನನ್ನ ಗೆಳತಿಯರಿಗೆ ಮಾವಿನಕಾಯಿ, ಕುಂಟಾಬಿಲ್ಲೆ ನೆನಪಾಗುತ್ತವೆ. ನನಗೆ ನೆನಪಾಗುವುದು ದೊಡ್ಡಪ್ಪನ ಮೇಲಿನ ಸಿಟ್ಟು.

ದೊಡ್ಡಪ್ಪನದು ಬಸ್ ಸ್ಟ್ಯಾಂಡ್ ಹತ್ತಿರ ಚಹಾದಂಗಡಿ. ಚಹಾ ಸೋಸುವ ಬಟ್ಟೆಯ ಚೀಲ ಹಿಂಡಿ ಹಿಂಡಿ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು, ಪುಡಿಯೆಲ್ಲ ಗ್ಲಾಸಿಗೆ ಇಳಿಯುತ್ತಿತ್ತು. ಅವನು ಮನೆಗೆ ಬಂದು ಗೊಣಗಿದ್ದನ್ನು ಅವ್ವ ಕೇಳಿಸಿಕೊಂಡಳು. ಹೊಲಿಗೆಯೇ ಇಲ್ಲದಿದ್ದರೆ ಬಿಚ್ಚುವುದೇನು? ಮೂರು ದಿನ ಮಗ್ಗಕ್ಕೆ ಕೂತು, ಎರಡು ಪದರ ಒಟ್ಟಿಗೆ ನೇಯ್ದು, ಅಂಚು ತಳ ಎರಡೂ ಮಗ್ಗದಲ್ಲೇ ಕೂಡಿಕೊಂಡ ಚೀಲ ತೆಗೆದಳು. ಬಾಯಿಗೆ ತಂತಿಯ ಬಳೆ, ಹಿಡಿಯಲು ಕಟ್ಟಿಗೆ. ನಾನದನ್ನು ಟೋಪಿ ಮಾಡಿಕೊಂಡು ಓಣಿ ತುಂಬ ಕುಣಿದೆ.

ಅವಸರದಲ್ಲಿ ಅವ್ವ ಒಂದು ಮರೆತಿದ್ದಳು. ಸೀರೆಯ ಗಂಜಿ ಕೊಂಡವರ ಮನೆಯಲ್ಲಿ ಹೋಗುತ್ತದೆ, ತೊಳೆಯುವ ರೂಢಿ ನೇಯುವವರಿಗಿಲ್ಲ. ಬಿಸಿ ಚಹಾ ಬಿದ್ದದ್ದೇ ತಡ, ಗಂಜಿ ಕರಗಿ ಗ್ಲಾಸಿಗಿಳಿಯಿತು.

"ಇದೇನ್ ಚಾನೋ, ಅಂಬ್ಲಿನೋ?" ಎಂದು ಗಿರಾಕಿಗಳು ನಕ್ಕರಂತೆ. ದೊಡ್ಡಪ್ಪ ಬಂದವನೇ ಹಸಿ ಚೀಲವನ್ನು ಅವ್ವನ ಮೇಲೆ ಎಸೆದ.

"ಗಂಗವ್ವಾ, ನಿನ್ನ ಶಾಣ್ಯಾತನ ಮಗ್ಗದಾಗ ಇಟ್ಕೋ. ನನ್ನ ಅಂಗಡ್ಯಾಗ ಬ್ಯಾಡ!"

ಅವ್ವನ ಕುಪ್ಪಸದ ತುಂಬ ಚಹಾದ ಕಲೆ. ಅಪ್ಪ ತನ್ನ ಅಣ್ಣನಿಗೆ ಬೆನ್ನು ಮಾಡಿ ನೂಲು ಸುತ್ತುತ್ತ ಕೂತ. ಅವ್ವ ಚೀಲವನ್ನು ಮತ್ತೆ ಮತ್ತೆ ಕುದಿಸಿ, ನೀರು ತಿಳಿಯಾದ ಮೇಲೆ ಅಪ್ಪನ ಕೈಲಿ ಪುನಃ ಕಳಿಸಿದಳು.

ಈ ಸಲ ಒಂದು ಕಣ ಪುಡಿಯೂ ಇಳಿಯಲಿಲ್ಲ. ವಾರದ ಮೇಲೆ ಮಿರ್ಚಿ ತಿನ್ನಲು ಅಂಗಡಿಗೆ ಹೋದವಳು ಕಿವಿಯಾರೆ ಕೇಳಿದೆ, ದೊಡ್ಡಪ್ಪ ಚೀಲ ತೋರಿಸಿ ಪಕ್ಕದ ಅಂಗಡಿಯವರಿಗೆ ಹೇಳುತ್ತಿದ್ದ: "ಇದು ನಂದೇ ತಲಿ ನೋಡ್ರಿ!"

ಓಡಿಬಂದು ಅವ್ವನಿಗೆ ಹೇಳಿದೆ. ಲಾಳಿ ನಿಂತಿತು.

"ಒಮ್ಮೆ ಗಂಗವ್ವ ಮಾಡಿದ್ದು ಅಂದಿದ್ರ ಅವರ ಗಂಟೇನ್ ಹೋಗ್ತಿತ್ತು?" ಎಂದಳು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಮರುದಿನ ದೊಡ್ಡಪ್ಪ ನಾಚಿಕೆಯಿಲ್ಲದೆ ಬಂದು, ಬೇರೆ ಚಹಾದಂಗಡಿಗಳಿಗೆ ಹತ್ತು ಚೀಲ ಬೇಕೆಂದ. ಅವ್ವ ನೇಯ್ದಳು. ಗಂಜಿ ಮಾತ್ರ ತೆಗೆಯಲಿಲ್ಲ. ನಾನು ನೆನಪಿಸಿದರೆ, "ನೀ ಸುಮ್ನಿರ" ಎಂದು ಕಣ್ಣು ಬಿಟ್ಟಳು.

ಹತ್ತೂ ಅಂಗಡಿಗಳಲ್ಲಿ ಅಂಬಲಿ ಇಳಿಯಿತು. ದೊಡ್ಡಪ್ಪ ನಮ್ಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಚೀರಾಡಿದ.

"ನಿಮ್ಮ ತಲಿ ಅಲ್ಲೇನ್ರಿ ಭಾವಾರ? ಗಂಜಿ ತಗೀಬೇಕನ್ನೋದು ನಿಮಗ ಗೊತ್ತೈತಿ ಅಂದ್ಕೊಂಡಿದ್ದೆ," ಎಂದಳು ಅವ್ವ, ನೇಯುವುದನ್ನು ನಿಲ್ಲಿಸದೆ.

ಆಗಲೂ ಚೀಲ ಗಂಗವ್ವ ಮಾಡಿದ್ದೆಂಬ ಮಾತು ಅವನ ಬಾಯಿಂದ ಬರಲಿಲ್ಲ. ನಮ್ಮ ಹೊಸ್ತಿಲು ತುಳಿಯುವುದನ್ನೇ ಬಿಟ್ಟ.

ಈಗ ಆ ಓಣಿಯಲ್ಲಿ ಮಗ್ಗದ ಸದ್ದಿಲ್ಲ, ಗಂಜಿಯ ವಾಸನೆಯೂ ಇಲ್ಲ. ನಮ್ಮ ಮಗ್ಗ ಬಿಚ್ಚಿ ಅಟ್ಟ ಸೇರಿದೆ. ಅವ್ವ ಹೋಗಿ ಎರಡು ವರ್ಷ. ಮೊನ್ನೆ ಅಂಗಡಿ ಮುಂದೆ ಹಾಯುವಾಗ ದೊಡ್ಡಪ್ಪ ಕೂಗಿ ಕರೆದ. ಚಹಾ ಸೋಸಲು ಈಗ ನೈಲಾನ್ ಜಾಳಿಗೆ. ತಳ ಹರಿದು ಕಪ್ಪಾದ ಆ ಮೊದಲ ಚೀಲ ಮೊಳೆಗೆ ನೇತಾಡುತ್ತಿತ್ತು.

ಗಿರಾಕಿಗಳೆದುರೇ ಅದನ್ನು ತೆಗೆದು ತೋರಿಸಿದ. "ಇದು ನಮ್ಮ ಗಂಗವ್ವ ಮಾಡಿದ್ದು. ಇಂಥಾದ್ದು ಮತ್ತ ಯಾರಿಗೂ ಮಾಡಾಕ ಬರ್ಲಿಲ್ಲ. ಕುಂಡ್ರವಾ, ಚಾ ಕುಡಿ."

ಕೇಳಬೇಕಾದವಳು ಹೋದ ಮೇಲೆ ನನಗೇಕೆ ಆ ಮಾತು? ಚಹಾ ಮುಟ್ಟಲಿಲ್ಲ. ಚೀಲವನ್ನು ಅವನ ಕೈಯಿಂದ ಕಿತ್ತುಕೊಂಡು ಮನೆಗೆ ಬಂದೆ.